ರೊಟ್ಟಿ ಮಾಡುವ ಮನೆಗೆ ಯಾವ ಒಲೆ? ಸ್ಟೀಲ್ ಸ್ಟೌ, ಗಾಜಿನ ಸ್ಟೌ, ಹಾಬ್, ಇಂಡಕ್ಷನ್

ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ತಂಗಿ ಹೋದ ತಿಂಗಳು ಫೋನ್ ಮಾಡಿದಳು. "ಅಕ್ಕಾ, ನಾಳೆ ಅಡುಗೆ ಕಟ್ಟೆಗೆ ಗ್ರಾನೈಟ್ ಕೊಯ್ತಾರೆ. ಹಾಬ್ ಹಾಕಿಸಲಾ, ಸ್ಟೌ ಇಡಲಾ? ಈಗಲೇ ಹೇಳು" ಅಂದಳು. ನಾನು ಕೇಳಿದ್ದು ಒಂದೇ: "ವಾರಕ್ಕೆ ಎಷ್ಟು ದಿನ ರೊಟ್ಟಿ ಮಾಡ್ತೀರ?" "ದಿನಾ ಮಾಡ್ತೀವಿ, ಅದನ್ನೇನು ಕೇಳ್ತೀಯ" ಅಂದಳು. ಹಾಗಾದರೆ ಗ್ರಾನೈಟ್ ಕೊಯ್ಯೋರಿಗೆ ಎರಡು ದಿನ ಬಿಟ್ಟು ಬರೋಕೆ ಹೇಳು ಅಂದೆ. ಹಾಬ್ ಅಂದರೆ ಕಟ್ಟೆಯ ಕಲ್ಲು ಕೊಯ್ದು ಅದರಲ್ಲಿ ಕೂರಿಸುವ ಒಲೆ, ಒಮ್ಮೆ ಕೊಯ್ದರೆ ಮುಗಿಯಿತು.

ಆ ಎರಡು ದಿನದಲ್ಲಿ ಅವಳ ಜೊತೆ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆ ಒಲೆ ಕೊಳ್ಳುವ ಯಾರಿಗಾದರೂ ಉಪಯೋಗವಾಗುತ್ತದೆ.

ರೊಟ್ಟಿಯ ಮಾತು ಯಾಕೆ ಮೊದಲು ಬಂತು ಅಂದರೆ, ಒಲೆಗೆ ಅದರಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ನಮ್ಮ ಮನೆಯ ಕಬ್ಬಿಣದ ಹಂಚು 13 ಇಂಚು ಅಗಲ ಇದೆ. ಐದು ಜನಕ್ಕೆ ರೊಟ್ಟಿ ಆಗಬೇಕಾದರೆ ಮುಕ್ಕಾಲು ಗಂಟೆ ದೊಡ್ಡ ಉರಿ ಬೇಕು. ಅಷ್ಟು ಹೊತ್ತೂ ಹಂಚಿನ ಕೆಳಗಿನ ಬಿಸಿ ಪಕ್ಕಕ್ಕೆ ಹರಡಿ ಸ್ಟೌವಿನ ಮೈಗೆ ಹೊಡೆಯುತ್ತಿರುತ್ತದೆ. ಪಕ್ಕದ ಹಲಗೆಯಲ್ಲಿ ರೊಟ್ಟಿ ಬಡಿಯುವಾಗ ಹಿಟ್ಟು ಹಾರುತ್ತದೆ. ಕೊನೆಗೆ ರೊಟ್ಟಿಯನ್ನು ನೇರವಾಗಿ ಉರಿಗೆ ತೋರಿಸಿದರೆ ಚೆನ್ನಾಗಿ ಉಬ್ಬುತ್ತದೆ. ಬಿಸಿ, ಭಾರ, ಹಿಟ್ಟು, ನೇರ ಉರಿ, ಈ ನಾಲ್ಕನ್ನೂ ದಿನಾ ತಡೆಯುವ ಒಲೆ ಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ವಿಡಿಯೋಗಳಲ್ಲಿ ಒಂದು ಸಣ್ಣ ಪ್ಯಾನಿಟ್ಟು ಆಮ್ಲೆಟ್ ಮಾಡಿ ತೋರಿಸುತ್ತಾರೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಸ್ಟೀಲ್ ಸ್ಟೌ

ದಿನಾ ರೊಟ್ಟಿ ಮಾಡುವ ಮನೆಗೆ ನಾನು ಹೇಳುವುದು ಸ್ಟೀಲ್ ಮೈಯ ಗ್ಯಾಸ್ ಸ್ಟೌ. ಹಳೇ ಕಾಲದ್ದು ಅನಿಸಬಹುದು. ಆದರೆ ಅದು ಬಿಸಿಗೆ ಒಡೆಯುವುದಿಲ್ಲ. ಹಂಚು ಕೈಜಾರಿ ಬಿದ್ದರೂ ಒಂದು ತಗ್ಗು ಬೀಳುತ್ತದೆ ಅಷ್ಟೇ. ಬರ್ನರ್ ಎತ್ತಿ ಸಿಂಕಿಗೆ ಹಾಕಿ ತೊಳೆಯಬಹುದು. ನಾಬ್ ಬಿಗಿಯಾದರೆ, ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಕಟ್ಟಿದರೆ ಸ್ಟೌ ರಿಪೇರಿ ಮಾಡುವವರು ಮನೆಗೇ ಬಂದು ಅರ್ಧ ಗಂಟೆಯಲ್ಲಿ ಸರಿಮಾಡಿ ಹೋಗುತ್ತಾರೆ.

ಕೊಳ್ಳುವಾಗ ಬರ್ನರನ್ನು ಕೈಯಲ್ಲಿ ಎತ್ತಿ ನೋಡಿ. ಹಿತ್ತಾಳೆಯದು ಭಾರ ಇರುತ್ತದೆ, ಬಿಸಿಯನ್ನು ತಡೆಯುತ್ತದೆ. ಹಗುರವಾದ ಅಲ್ಯೂಮಿನಿಯಂ ಬರ್ನರ್ ಬೇಗ ಸವೆಯುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ದೊಡ್ಡ ಉರಿ ಇಡುವ ನಮ್ಮಂಥ ಮನೆಗೆ ಅದು ಬೇಡ. ಪಾತ್ರೆ ಇಡುವ ಸ್ಟ್ಯಾಂಡ್ ದಪ್ಪ ಇದೆಯಾ, ಅಲ್ಲಾಡುತ್ತಾ ನೋಡಿ. ಐಎಸ್‌ಐ ಗುರುತು ಇರಲೇಬೇಕು, ಮನೆ ಬಳಕೆಯ ಗ್ಯಾಸ್ ಸ್ಟೌಗೆ ಅದು ಕಡ್ಡಾಯ. ಆ ಗುರುತು ಪಡೆಯಬೇಕಾದರೆ ಪರೀಕ್ಷೆಯಲ್ಲಿ ಗ್ಯಾಸಿನ ಬಿಸಿಯಲ್ಲಿ ಕಡಿಮೆ ಅಂದರೂ ಶೇ 68ರಷ್ಟು ಪಾತ್ರೆಗೆ ಸೇರಬೇಕು. ಮನೆಯಲ್ಲಿ ಅಷ್ಟು ಸಿಗುವುದಿಲ್ಲ. ಸಣ್ಣ ಪಾತ್ರೆಯನ್ನು ದೊಡ್ಡ ಬರ್ನರ್ ಮೇಲಿಟ್ಟು ಉರಿ ಅಂಚು ದಾಟಿ ಮೇಲೆ ಬಂದರೆ ಆ ಬಿಸಿಯೆಲ್ಲ ಗಾಳಿಗೆ ಹೋಗುತ್ತದೆ.

ಇನ್ನೊಂದು ಮಾತು, ಮೂರು ಬರ್ನರ್ ಸ್ಟೌ ನೋಡಿ ಮರುಳಾಗಬೇಡಿ. ಎಷ್ಟೋ ಸ್ಟೌಗಳಲ್ಲಿ ಮೂರು ಬರ್ನರನ್ನು ಎರಡು ಬರ್ನರಿನ ಜಾಗದಲ್ಲಿ ತುರುಕಿರುತ್ತಾರೆ. ಒಂದು ಕಡೆ ಹಂಚು ಇಟ್ಟರೆ ಪಕ್ಕದಲ್ಲಿ ಕುಕ್ಕರ್ ಕೂರುವುದಿಲ್ಲ, ನಡುವಿನ ಬರ್ನರ್ ಕಾಫಿ ಪಾತ್ರೆಗೆ ಮಾತ್ರ. ಅದಕ್ಕಿಂತ ದೂರದೂರ ಇರುವ ಎರಡು ಬರ್ನರ್ ಲೇಸು.

ಸ್ಟೀಲ್ ಸ್ಟೌವಿನ ಕೊರತೆ ಅಂದರೆ ಶುಚಿ ಮಾಡುವ ಕೆಲಸ. ಹಾಲು ಉಕ್ಕಿದರೆ ಕೆಳಗೆ ಇಳಿಯುತ್ತದೆ, ಸ್ಟೌ ಎತ್ತಿ ಒರೆಸಬೇಕು. ಬರ್ನರಿನ ಕೆಲಸವೂ ಇದೆ. ನಾನು ಭಾನುವಾರ ಬರ್ನರ್ ಎತ್ತಿ, ಮಗುಚಿ, ಕಟ್ಟೆಯ ಮೇಲೆ ಎರಡು ಸಲ ತಟ್ಟುತ್ತೇನೆ. ಕಂದು ಬಣ್ಣದ ಪುಡಿ ಉದುರುತ್ತದೆ. ಬೆರಳಲ್ಲಿ ಉಜ್ಜಿ ಮೂಸಿ ನೋಡಿದರೆ ಸುಟ್ಟ ಜೋಳದ ಹಿಟ್ಟಿನ ವಾಸನೆ. ಅದು ತೂತುಗಳಲ್ಲಿ ಕೂತಿದ್ದ ವಾರ ಉರಿ ಹಳದಿಯಾಗಿರುತ್ತದೆ, ಪಾತ್ರೆಯ ತಳ ಕಪ್ಪು ಹಿಡಿದಿರುತ್ತದೆ. ಸೂಜಿಯಲ್ಲಿ ಒಂದೊಂದೇ ತೂತು ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಇಟ್ಟರೆ ಮತ್ತೆ ನೀಲಿ ಉರಿ. ಯಾವ ಗ್ಯಾಸ್ ಒಲೆ ಕೊಂಡರೂ ಈ ಕೆಲಸ ತಪ್ಪಲ್ಲ. ಸ್ಟೀಲ್ ಸ್ಟೌನಲ್ಲಿ ಸುಲಭ, ಅಷ್ಟೇ.

ಗಾಜಿನ ಸ್ಟೌ

ಇದನ್ನು ನಾನು ನಾಲ್ಕು ವರ್ಷ ಬಳಸಿದ್ದೇನೆ. ಚೆಂದ ಇತ್ತು, ಸುಳ್ಳು ಹೇಳಲ್ಲ. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಫಳಫಳ ಅನ್ನುತ್ತಿತ್ತು. ಬೋರ್ ನೀರಿನ ಬಿಳಿ ಕಲೆ ಮಾತ್ರ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸದೆ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ಮಾಡುತ್ತಿದ್ದರು. ಏಳನೆಯದೋ ಎಂಟನೆಯದೋ ಹಂಚಿನ ಮೇಲಿತ್ತು. ತೆಂಗಿನಕಾಯಿ ನೆಲಕ್ಕೆ ಹೊಡೆದ ಹಾಗೆ ಒಂದೇ ಸದ್ದು. ಹಂಚು ಒಂದು ಕಡೆ ವಾಲಿತು. ಗಾಜು ಪೂರಾ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಕಟ್ಟೆಯ ತುಂಬ ಹರಡಿತು. ಅತ್ತೆಯ ಕೈಗೆ ಒಂದೆರಡು ಕಡೆ ಗೀರಿತು, ದೇವರ ದಯೆ, ಅಷ್ಟಕ್ಕೇ ಹೋಯಿತು. ಓಡಿಬಂದು ರೆಗ್ಯುಲೇಟರ್ ಆಫ್ ಮಾಡಿದೆ. ಕಲಸಿಟ್ಟ ಹಿಟ್ಟಿನಲ್ಲಿ ಗಾಜಿನ ಹರಳು ಮಿಂಚುತ್ತಿದ್ದವು. ಅಷ್ಟೂ ಹಿಟ್ಟನ್ನು, ಆಗಿದ್ದ ರೊಟ್ಟಿಯನ್ನೂ ಎಸೆದೆವು. ಅನ್ನ ಎಸೆದು ಗೊತ್ತಿಲ್ಲದ ಅತ್ತೆ ಅವತ್ತು ಮಧ್ಯಾಹ್ನದ ತನಕ ಮಾತಾಡಲಿಲ್ಲ.

ಆಮೇಲೆ ತಿಳಿದುಕೊಂಡಿದ್ದು ಇದು. ಸ್ಟೌವಿಗೆ ಹಾಕುವುದು ಹದಗೊಳಿಸಿದ ಗಟ್ಟಿ ಗಾಜು, ಅಂದರೆ ಟಫನ್ಡ್ ಗಾಜು. ಅದು ಮಾಮೂಲಿ ಗಾಜಿಗಿಂತ ಗಟ್ಟಿ. ಒಡೆದಾಗ ಚೂಪಾದ ದೊಡ್ಡ ಚೂರಾಗದೆ ಸಣ್ಣ ಹರಳಾಗುವುದು ನಮ್ಮ ಒಳ್ಳೆಯದಕ್ಕೇ. ಆದರೆ ಒಂದು ಕಡೆ ವಿಪರೀತ ಬಿಸಿ, ಇನ್ನೊಂದು ಕಡೆ ತಂಪು ಇದ್ದರೆ ಅದು ತಡೆಯುವುದಿಲ್ಲ. ಅಗಲವಾದ ಹಂಚು ಬಿಸಿಯನ್ನು ಕೆಳಕ್ಕೇ ತಳ್ಳುತ್ತದೆ. ಬಿಸಿ ಗಾಜಿನ ಮೇಲೆ ತಣ್ಣೀರು ಚೆಲ್ಲಿದರೂ ಕಷ್ಟ. ಅಂಚಿಗೆ ಸೌಟು ಬಡಿದು ಕಣ್ಣಿಗೆ ಕಾಣದ ಗಾಯ ಆಗಿದ್ದರೆ, ಅದು ಯಾವತ್ತೋ ಒಂದು ದಿನ ಒಡೆಯುತ್ತದೆ.

ಗಾಜಿನ ಸ್ಟೌ ಬೇಡವೇ ಬೇಡ ಅಂತಲ್ಲ. ಅನ್ನ, ಸಾರು, ಚಪಾತಿಯ ಸಣ್ಣ ಮನೆಗೆ ಚೆನ್ನಾಗಿ ಬರುತ್ತದೆ. ಉರಿ ಗಾಜಿನಿಂದ ಎಷ್ಟು ಎತ್ತರದಲ್ಲಿದೆ ನೋಡಿ, ಎತ್ತರ ಇದ್ದಷ್ಟೂ ಒಳ್ಳೆಯದು. ಗಾಜಿಗೆ ವಾರಂಟಿ ಎಷ್ಟು, ಒಡೆದರೆ ಬದಲಿ ಗಾಜು ಊರಲ್ಲೇ ಸಿಗುತ್ತಾ ಅಂತ ಬಿಲ್ ಮಾಡಿಸುವ ಮೊದಲು ಕೇಳಿ. ದಿನಾ ರೊಟ್ಟಿ, ಮುದ್ದೆ ಮಾಡುವ ಮನೆಗೆ ಮಾತ್ರ ನಾನು ಹೂಂ ಅನ್ನಲ್ಲ. ಮುದ್ದೆ ಯಾಕೆ ಹೇಳಿದೆ ಅಂದರೆ, ತಿರುವುವಾಗ ಪಾತ್ರೆಯನ್ನು ಒತ್ತಿ ಹಿಡಿದು ಮೈಬಲ ಎಲ್ಲ ಹಾಕುತ್ತೇವಲ್ಲ, ಆ ಭಾರ ಸ್ಟೌ ಮೇಲೇ ಬೀಳುತ್ತದೆ.

ಹಾಬ್

ಕಟ್ಟೆಯ ಗ್ರಾನೈಟ್ ಕೊಯ್ದು, ಆ ತೂತಿನಲ್ಲಿ ಕೂರಿಸುವ ಒಲೆಯೇ ಹಾಬ್. ಹೊಸ ಮನೆ ಕಟ್ಟಿಸುವವರೆಲ್ಲ ಈಗ ಇದರ ಮೇಲೆ ಕಣ್ಣಿಟ್ಟಿದ್ದಾರೆ. ಇದರಲ್ಲಿ ಎರಡು ನಿಜವಾದ ಅನುಕೂಲ ಇವೆ.

ಒಂದು, ಎತ್ತರ. ಸ್ಟೌ ಕಟ್ಟೆಯಿಂದ ನಾಲ್ಕೈದು ಇಂಚು ಮೇಲೆ ಇರುತ್ತದೆ. ಅದರ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಕುಳ್ಳಗಿರುವವರಿಗೆ ಭುಜ ಎತ್ತಿ ಎತ್ತಿ ನೋವು ಬರುತ್ತದೆ. ಹಾಬ್ ಕಟ್ಟೆಯ ಮಟ್ಟಕ್ಕೇ ಇರುತ್ತದೆ. ಹಲಗೆಯಿಂದ ರೊಟ್ಟಿ ಎತ್ತಿ ಹಂಚಿಗೆ ಹಾಕುವುದು ಸಲೀಸು. ಎರಡು, ಅದು ಅಲ್ಲಾಡುವುದಿಲ್ಲ. ಮುದ್ದೆ ತಿರುವುವಾಗ ಸ್ಟೌ ಜರುಗುತ್ತದೆ ಅನ್ನುವವರಿಗೆ ಇದು ದೊಡ್ಡ ಮಾತು.

ಇನ್ನು ಕಷ್ಟಗಳು. ಹೆಚ್ಚಿನ ಹಾಬ್‌ಗಳ ಮೇಲ್ಭಾಗವೂ ಗಾಜೇ. ಹಾಗಾಗಿ ಮೇಲೆ ಹೇಳಿದ್ದೆಲ್ಲ ಇಲ್ಲೂ ನಿಜ. ಸ್ಟೀಲ್ ಮೇಲ್ಮೈಯ ಹಾಬ್ ಸಿಗುತ್ತದೆ, ಕೇಳಿ ತರಿಸಿಕೊಳ್ಳಿ. ಬರ್ನರುಗಳ ನಡುವಿನ ಜಾಗ ಇಲ್ಲಿ ಇನ್ನೂ ಮುಖ್ಯ. 60 ಸೆಂಟಿಮೀಟರ್ ಅಗಲದ ನಾಲ್ಕು ಬರ್ನರ್ ಹಾಬ್‌ನಲ್ಲಿ ನಮ್ಮ ಹಂಚು ಇಟ್ಟರೆ ಇನ್ನೆರಡು ಬರ್ನರ್ ಕೆಲಸಕ್ಕೆ ಬರುವುದಿಲ್ಲ. 75 ಸೆಂಟಿಮೀಟರಿಗಿಂತ ಕಡಿಮೆ ಬೇಡ.

ಎಲ್ಲರೂ ಮರೆಯುವ ವಿಷಯ ಒಂದಿದೆ. ಗ್ರಾನೈಟ್ ಐವತ್ತು ವರ್ಷ ಇರುತ್ತದೆ, ಹಾಬ್ ಹತ್ತು ಹನ್ನೆರಡು ವರ್ಷ ಬಂದರೆ ಹೆಚ್ಚು. ಒಂದು ಕಂಪನಿಯ ತೂತಿನ ಅಳತೆ ಎಷ್ಟೋ ಸಲ ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ನಾಳೆ ಆ ಮಾಡೆಲ್ ನಿಂತುಹೋದರೆ ಅದೇ ಅಳತೆಯದನ್ನು ಹುಡುಕಿಕೊಂಡು ಅಲೆಯಬೇಕು, ಇಲ್ಲವೇ ಮನೆ ತುಂಬ ಧೂಳೆಬ್ಬಿಸಿ ಮತ್ತೆ ಕಲ್ಲು ಕೊಯ್ಯಿಸಬೇಕು. ತೂತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡುವ ದಾರಿ ಇಲ್ಲ. ತಂಗಿಗೆ ಎರಡು ದಿನ ತಡಿ ಅಂದಿದ್ದು ಇದಕ್ಕೇ. ಮನಸ್ಸು ಪೂರ್ತಿ ಗಟ್ಟಿಯಾಗದಿದ್ದರೆ ಕಟ್ಟೆಯ ಮೇಲೂ ಇಡಬಹುದಾದ, ಕೊಯ್ದೂ ಕೂರಿಸಬಹುದಾದ ಮಾದರಿ ಸಿಗುತ್ತದೆ. ಅದನ್ನು ತಂದು ಆರು ತಿಂಗಳು ಮೇಲಿಟ್ಟು ನೋಡಿ, ಆಮೇಲೆ ಕೊಯ್ಯಿಸಿ.

ಹಾಬ್ ತೆಗೆದುಕೊಳ್ಳುವುದೇ ಆದರೆ ದುಡ್ಡು ಹಾಕಬೇಕಾದ್ದು ಒಂದೇ ಕಡೆ, ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆಗೆ. ಬರ್ನರ್ ಪಕ್ಕ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಉರಿ ಇರುವ ತನಕ ಅದು ಬಿಸಿಯಾಗಿದ್ದು, ಆ ಬಿಸಿಯಿಂದಲೇ ಹುಟ್ಟುವ ಚೂರು ಕರೆಂಟು ವಾಲ್ವನ್ನು ತೆರೆದಿಟ್ಟಿರುತ್ತದೆ. ಹಾಲು ಉಕ್ಕಿಯೋ ಗಾಳಿಗೋ ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಲೆ ಹಚ್ಚುವಾಗ ನಾಬನ್ನು ನಾಲ್ಕೈದು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ, ಅದೊಂದು ರೂಢಿ ಆಗಬೇಕು. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಎಲ್ಲ ಹಾಬ್‌ನಲ್ಲೂ ಇದು ಇರುವುದಿಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಿ. ತಾನೇ ಹೊತ್ತಿಕೊಳ್ಳುವ ಸೌಲಭ್ಯವನ್ನೇ ತೋರಿಸಿ "ಎಲ್ಲಾ ಆಟೋಮ್ಯಾಟಿಕ್" ಅನ್ನುತ್ತಾರೆ. ಅದು ಬೇರೆ, ಇದು ಬೇರೆ.

ಸಿಲಿಂಡರಿನ ಜಾಗವನ್ನೂ ಈಗಲೇ ಯೋಚಿಸಿ. ನಮ್ಮ ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಬ್ ಕೆಳಗೆ ಸುತ್ತ ಮುಚ್ಚಿದ ಕಪಾಟು ಮಾಡಿ ಅದರಲ್ಲಿ ಸಿಲಿಂಡರ್ ಇಡುವುದಾದರೆ, ಬಾಗಿಲಿನ ಬುಡದಲ್ಲೇ ಗಾಳಿ ಆಡುವ ಜಾಲರಿ ಇರಬೇಕು. ಮೇಲೆ ಮಾತ್ರ ಇಟ್ಟರೆ ಪ್ರಯೋಜನ ಇಲ್ಲ. ಹಳ್ಳಿ ಕಡೆ ನೆಲದ ಮೇಲೆ ಸ್ಟೌ ಇಟ್ಟು ಕೂತು ರೊಟ್ಟಿ ಮಾಡುವವರು ಇನ್ನೂ ಇದ್ದಾರೆ. ಅವರಿಗೂ ಇದೇ ಮಾತು, ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು.

ಇಂಡಕ್ಷನ್

ಇಂಡಕ್ಷನ್ ಒಲೆಯಲ್ಲಿ ಉರಿಯೂ ಇಲ್ಲ, ಕಾಯಿಲ್ ಕೆಂಪಗಾಗುವುದೂ ಇಲ್ಲ. ಒಳಗಿನ ತಾಮ್ರದ ಸುರುಳಿ ಕಾಂತದ ಶಕ್ತಿಯನ್ನು ಹುಟ್ಟಿಸುತ್ತದೆ, ಅದರಿಂದ ಪಾತ್ರೆಯ ತಳವೇ ಬಿಸಿಯಾಗುತ್ತದೆ. ಅದಕ್ಕೇ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ನಡೆಯಲ್ಲ. ಎಷ್ಟೋ ಸ್ಟೀಲ್ ಡಬರಿಗಳೂ ನಡೆಯಲ್ಲ. ದಾವಣಗೆರೆಯ ಮಂಡಿಪೇಟೆ ಕಡೆ ಪಾತ್ರೆ ಕೊಳ್ಳಲು ಹೋಗುವಾಗ ಫ್ರಿಜ್ಜಿಗೆ ಅಂಟಿಸಿರುವ ಅಯಸ್ಕಾಂತವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟಬೇಕು.

ಕರೆಂಟಿನ ಶೇ 85ರಷ್ಟು ಪಾತ್ರೆಗೇ ಸೇರುವುದರಿಂದ ಇದು ವೇಗ. 2000 ವ್ಯಾಟ್ ಒಲೆಯಲ್ಲಿ ಒಂದು ಲೀಟರ್ ನೀರು ಮೂರು ನಾಲ್ಕು ನಿಮಿಷಕ್ಕೆ ಕುದಿಯುತ್ತದೆ. ಅದಕ್ಕೆ ಹಿಡಿಯುವುದು 0.1 ಯೂನಿಟ್ಟಿನ ಆಸುಪಾಸು. ಬೆಳಿಗ್ಗೆ ಹಾಲು, ಕಾಫಿ, ಬೇಳೆ ಬೇಯಿಸಲು ಇದಕ್ಕಿಂತ ಹಿತವಾದದ್ದು ಇಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಅಡುಗೆಮನೆ ಕಾಯುವುದಿಲ್ಲ ಅನ್ನುವುದೇ ಒಂದು ದೊಡ್ಡ ಪುಣ್ಯ.

ರೊಟ್ಟಿ ಮಾತ್ರ ಕಷ್ಟ. ಕಬ್ಬಿಣದ ಹಂಚಿಗೆ ಅಯಸ್ಕಾಂತ ಅಂಟುತ್ತದೆ, ಬಿಸಿಯೂ ಆಗುತ್ತದೆ. ಆದರೆ ಒಳಗಿನ ಸುರುಳಿ ಹಂಚಿಗಿಂತ ಚಿಕ್ಕದು. ನಡುವೆ ಸೀದು ಕಪ್ಪಾಗುವಾಗ ಅಂಚು ಇನ್ನೂ ಹಸಿ. ಹಂಚಿನ ತಳ ಚೂರು ಉಬ್ಬಿದ್ದರೆ ಇನ್ನೂ ತೊಂದರೆ. ನೇರ ಉರಿಗೆ ತೋರಿಸುವ ಮಾತೇ ಇಲ್ಲ, ಬಟ್ಟೆಯಲ್ಲಿ ಒತ್ತಿ ಒತ್ತಿ ಉಬ್ಬಿಸಬೇಕು. ಬೆಣ್ಣೆ ದೋಸೆಗೂ ಇದೇ ಕಥೆ. ಹೋಟೆಲಿನವರ ದಪ್ಪ ಕಾವಲಿ ಅಷ್ಟಗಲಕ್ಕೂ ಒಂದೇ ಸಮ ಕಾದಿರುತ್ತದೆ, ಅದಕ್ಕೇ ಆ ಗರಿಗರಿ. ಮಂಡಕ್ಕಿ ಒಗ್ಗರಣೆಗೆ ಬಾಣಲೆ ಎತ್ತಿ ಕುಲುಕಿದರೆ ಒಲೆ ಪೀ ಪೀ ಅಂತ ಕೂಗಿ ನಿಂತುಬಿಡುತ್ತದೆ, ಪಾತ್ರೆ ಮೇಲೆ ಇಲ್ಲ ಅಂತ ಅದಕ್ಕೆ.

ಖರ್ಚಿನ ಲೆಕ್ಕ ನೀವೇ ಹಾಕಿಕೊಳ್ಳಬಹುದು. 14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಕರೆಂಟಿಗೆ ಸಮನಾದ ಬಿಸಿ ಇದೆ. ಮನೆಯ ಸ್ಟೌನಲ್ಲಿ ಶೇ 60ರಷ್ಟು ಪಾತ್ರೆಗೆ ಸೇರಿತು ಅಂದರೆ 108 ಯೂನಿಟ್. ಅಷ್ಟೇ ಬಿಸಿಯನ್ನು ಇಂಡಕ್ಷನ್ನಿನಲ್ಲಿ ಪಡೆಯಲು 127 ಯೂನಿಟ್ ಬೇಕು. ಹಾಗಾಗಿ ಇವತ್ತಿನ ಸಿಲಿಂಡರ್ ಬೆಲೆಯನ್ನು 127ರಿಂದ ಭಾಗಿಸಿ. ಬೆಲೆ 900 ರೂಪಾಯಿ ಅಂತ ಇಟ್ಟುಕೊಂಡರೆ ಏಳು ರೂಪಾಯಿ ಚಿಲ್ಲರೆ ಬರುತ್ತದೆ. ನಿಮ್ಮ ಕರೆಂಟ್ ಯೂನಿಟ್ಟಿಗೆ ಅದಕ್ಕಿಂತ ಕಡಿಮೆ ಬಿದ್ದರೆ ಇಂಡಕ್ಷನ್ ಅಗ್ಗ, ಜಾಸ್ತಿ ಬಿದ್ದರೆ ಗ್ಯಾಸ್ ಅಗ್ಗ.

ನಮ್ಮಲ್ಲಿ ಗೃಹಜ್ಯೋತಿಯ ಲೆಕ್ಕವನ್ನೂ ಸೇರಿಸಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದರು. ಅದನ್ನು ದಾಟಿದರೆ ದಾಟಿದ ಯೂನಿಟ್ಟಿಗೆ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ತಿಂಗಳಿಗೆ 120 ಯೂನಿಟ್ ಸುಡುವ ಮನೆಯಲ್ಲಿ ಹಾಲು, ಕಾಫಿ, ಅನ್ನ ಮಾತ್ರ ಇಂಡಕ್ಷನ್ನಿನಲ್ಲಿ ಮಾಡಿದರೆ ಮೂವತ್ತು ನಲವತ್ತು ಯೂನಿಟ್ ಜಾಸ್ತಿ ಆಗಬಹುದು. ಉಚಿತದ ಲೆಕ್ಕ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟುವುದಿಲ್ಲ. ತಿಂಗಳಿಗೊಂದು ಸಿಲಿಂಡರ್ ಖರ್ಚಾಗುವ ಮನೆಯವರು ಎಲ್ಲ ಅಡುಗೆಯನ್ನೂ ಅದರಲ್ಲೇ ಮಾಡಿದರೆ ಖಂಡಿತ 200 ದಾಟುತ್ತೀರಿ. ಇದನ್ನು ಯೋಚಿಸದೆ ಗ್ಯಾಸ್ ಉಳಿಸುತ್ತೇವೆ ಅಂತ ಹೊರಟವರಿಗೆ ತಿಂಗಳ ಕೊನೆಯ ಬಿಲ್ ಬಹಳ ಬೇಜಾರು ಮಾಡುತ್ತದೆ.

2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ ಸಣ್ಣ ಪ್ಲಗ್ಗಿಗೆ ಚುಚ್ಚಬೇಡಿ, 16 ಆಂಪಿಯರ್ ಪ್ಲಗ್ಗು ಬೇಕು, ಅರ್ಥಿಂಗ್ ಸರಿ ಇರಬೇಕು. ಕಟ್ಟೆಯಲ್ಲಿ ಕೂರಿಸುವ ನಾಲ್ಕು ಬರ್ನರಿನ ಇಂಡಕ್ಷನ್ ಹಾಬ್ ಆದರೆ 7 ಕಿಲೋವ್ಯಾಟ್ ತನಕ ಹೋಗುತ್ತದೆ. ಅದಕ್ಕೆ ಬೇರೆ ವೈರ್ ಎಳೆಸಬೇಕು, ಬೆಸ್ಕಾಂನಲ್ಲಿ ಮನೆಯ ಲೋಡ್ ಹೆಚ್ಚಿಸಿಕೊಳ್ಳಬೇಕು. ಮನೆಯ ಇನ್ವರ್ಟರ್ ಇದನ್ನು ಎಳೆಯಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳಿಯೇ ತನ್ನಿ.

ಇನ್‌ಫ್ರಾರೆಡ್ ಒಲೆ ಅಂತ ಇನ್ನೊಂದು ಇದೆ. ಒಳಗೆ ಕಾಯಿಲ್ ಕೆಂಪಗೆ ಕಾಯುತ್ತದೆ, ಯಾವ ಪಾತ್ರೆಯಾದರೂ ನಡೆಯುತ್ತದೆ, ಜಾಲರಿ ಇಟ್ಟು ಬದನೆಕಾಯಿ ಕೂಡ ಸುಡಬಹುದು. ಕರೆಂಟ್ ಇಂಡಕ್ಷನ್ನಿಗಿಂತ ಜಾಸ್ತಿ. ಆಫ್ ಮಾಡಿದ ಮೇಲೂ ಬಹಳ ಹೊತ್ತು ಕೈ ಸುಡುವಷ್ಟು ಬಿಸಿ. ಚಿಕ್ಕ ಮಕ್ಕಳಿರುವ ಮನೆಗೆ ನಾನು ಬೇಡ ಅನ್ನುತ್ತೇನೆ.

ನಿಮ್ಮ ಬೀದಿಗೆ ಪೈಪ್ ಗ್ಯಾಸ್ ಬಂದಿದ್ದರೆ, ಅಥವಾ ಬರುವ ಹಾಗಿದ್ದರೆ, ಕೊಳ್ಳುವ ಸ್ಟೌವಿನ ಜೆಟ್ ಅದಕ್ಕೆ ಬದಲಾಯಿಸಲು ಬರುತ್ತಾ ಕೇಳಿಕೊಳ್ಳಿ. ಸಿಲಿಂಡರ್ ಗ್ಯಾಸಿನ ಜೆಟ್‌ನಲ್ಲಿ ಪೈಪ್ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ. ಆ ಕೆಲಸವನ್ನು ಗ್ಯಾಸ್ ಕಂಪನಿಯ ಮೆಕ್ಯಾನಿಕ್ಕೇ ಮಾಡಬೇಕು.

ತಂಗಿ ಏನು ಮಾಡಿದಳು

ಅವಳ ಮನೆಯಲ್ಲಿ ಆರು ಜನ. ಯುಗಾದಿಗೆ ಹೋಳಿಗೆಯ ಹೂರಣ ಬೇಯಿಸುವ ದೊಡ್ಡ ಪಾತ್ರೆ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಮನೆ ತುಂಬ ನೆಂಟರು. ಗ್ರಾನೈಟ್ ಕೊಯ್ಯಿಸಲಿಲ್ಲ. ಬದಲಿಗೆ ಸ್ಟೌ ಇಡುವ ಕಡೆ ಕಟ್ಟೆಯನ್ನೇ ನಾಲ್ಕು ಇಂಚು ತಗ್ಗಿಸಿದಳು. ಹಾಬ್‌ನ ಎತ್ತರದ ಅನುಕೂಲ ಪುಕ್ಕಟೆ ಸಿಕ್ಕಿತು. ಇದು ಅವಳ ಮನೆಯ ಗಾರೆ ಮೇಸ್ತ್ರಿ ಕೊಟ್ಟ ಉಪಾಯ, ಹೊಸದಾಗಿ ಕಟ್ಟೆ ಕಟ್ಟುವ ಎಲ್ಲರಿಗೂ ಹೇಳಬೇಕು ಅನಿಸಿತು. ಹಿತ್ತಾಳೆ ಬರ್ನರಿನ ಅಗಲದ ಸ್ಟೀಲ್ ಸ್ಟೌ, ಪಕ್ಕಕ್ಕೆ ಒಂದೇ ಬರ್ನರಿನ ಇಂಡಕ್ಷನ್. ಎರಡೂ ಇದ್ದರೆ ಗ್ಯಾಸ್ ಮುಗಿದ ದಿನವೂ ಹಾಲು ಕಾಯುತ್ತದೆ, ಕರೆಂಟ್ ಹೋದ ದಿನವೂ ರೊಟ್ಟಿ ಆಗುತ್ತದೆ.

ಹೊಸ ಸ್ಟೌ ಬಂದ ದಿನ ಹಳೇ ರಬ್ಬರ್ ಪೈಪನ್ನೇ ಹಾಕಿಬಿಡುತ್ತೇವೆ, ಹಾಗೆ ಮಾಡಬೇಡಿ. ಸುರಕ್ಷಾ ಪೈಪಿನ ಮೇಲೆ ತಾರೀಕು ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಜೋಡಿಸಿದ ಮೇಲೆ ಎರಡೂ ತುದಿಗೆ ಸೋಪಿನ ನೀರು ಸವರಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿಸಿ.

ಅಂಗಡಿಗೆ ಹೋಗುವಾಗ ತಂಗಿ ಮನೆಯ ಹಂಚು, ಐದು ಲೀಟರ್ ಕುಕ್ಕರ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ತೋರಿಸಲು ಇಟ್ಟಿದ್ದ ಸ್ಟೌಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿದೆವು. ನಾಲ್ಕನೆಯದರಲ್ಲಿ ಹಂಚೂ ಕುಕ್ಕರೂ ಒಂದಕ್ಕೊಂದು ತಾಗದೆ ಕೂತವು. ಅದನ್ನೇ ತಂದೆವು.